ಕೌದಿ ಹೊಲಿಯುವ ಕೈಗೆ ನ್ಯಾಯದ ಕೂಲಿ
(ಮನೆಯ ಕೈಕೆಲಸವನ್ನು ಅಂತರ್ಜಾಲದ ಅಂಗಡಿಗೆ ಇಟ್ಟು ನಾವು ಕಲಿತ ಪಾಠ)

ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕಾದ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಬಿಡುವು ಸಿಗುವುದೆಂದರೆ ಮಧ್ಯಾಹ್ನ 1ರಿಂದ 4ರ ವರೆಗೆ ಮಾತ್ರ. ಜತ್ತ ತಾಲೂಕಿನ ನಮ್ಮ ಹಳ್ಳಿಯಲ್ಲಿ ಆ ಮೂರು ತಾಸು ಕೌದಿಯದು. ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ದಪ್ಪ ಸೂಜಿಯಿಂದ ಅಂಚಿನಿಂದ ಒಳಗೆ ಒಳಗೆ ಟಾಕಿ ಹಾಕುತ್ತ ಬರುವ ಈ ಕೆಲಸವನ್ನು ನೋಡದೆ ಬೆಳೆದವರು ನಮ್ಮ ಗಡಿಭಾಗದಲ್ಲಿ ಯಾರಿದ್ದಾರೆ? ಬಾಣಂತಿಗೆ ಕೌದಿ, ಕೂಸಿಗೆ ಕೌದಿ, ಮದುವೆಯಾಗಿ ಹೋಗುವ ಮಗಳ ಗಂಟಿನಲ್ಲಿ ಕೌದಿ. ಅದು ನಮ್ಮ ಮನೆಯ ವಸ್ತುವೇ ಹೊರತು ಪೇಟೆಯ ವಸ್ತುವಲ್ಲ ಎಂದೇ ತಿಳಿದಿದ್ದೆವು.

ಹೀಗಿರುವಾಗ ಪುಣೆಯಲ್ಲಿ ಓದುತ್ತಿದ್ದ ನನ್ನ ಮಗಳು 2024ರ ದೀಪಾವಳಿಗೆ ಊರಿಗೆ ಬಂದವಳು, "ಅವ್ವಾ, ಇಂಥಾ ಕೌದಿಗೆ ಪುಣೆದಾಗ ಸಾವಿರಗಟ್ಟಲೆ ಕೊಡ್ತಾರ. ಮೊಬೈಲ್‌ನ್ಯಾಗ ಅಂಗಡಿ ತೆಗಿಯೂಣು" ಎಂದಳು. ನಮ್ಮ ಅತ್ತೆಯವರು ನಕ್ಕುಬಿಟ್ಟರು. "ಹಳೀ ಸೀರಿ ರೊಕ್ಕಾ ಕೊಟ್ಟು ಯಾರ ತೊಗೋತಾರ ಬಿಡವಾ" ಎಂದರು. ತೆಗೆದುಕೊಂಡರು. ಆದರೆ ಮೊದಲ ಮೂರು ಕೌದಿ ಮಾರಿ ನಾವು ಗಳಿಸಿದ್ದು ಹಣವಲ್ಲ, ಒಂದು ಕಹಿ ಪಾಠ. ಅದನ್ನು ಓದುಗ ಸಹೋದರಿಯರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ. ಇಂದು ನಮ್ಮ ಅನೇಕ ಮನೆಗಳಲ್ಲಿ ಕಸೂತಿ, ಕುಂಚಿಗೆ, ತೋರಣ, ಮಣಿಹಾರ ಮಾಡುವವರು ಇದೇ ದಾರಿಯಲ್ಲಿ ಹೆಜ್ಜೆಯಿಡುತ್ತಿದ್ದಾರೆ. ನಾವು ಎಡವಿದಲ್ಲಿ ಅವರು ಎಡವಬಾರದು.

ಮೊದಲ ಮೂರು ಕೌದಿಗಳ ಕಥೆ

ನಮ್ಮ ಓಣಿಯಲ್ಲಿ ಕೌದಿಗೆ ಹೆಸರಾದವರು ಒಬ್ಬ ಆಯಿ. ಗಂಡ ತೀರಿಕೊಂಡು ವರ್ಷಗಳಾದವು. ಮೊದಲೆಲ್ಲ ಮನೆಮನೆಗೆ ಹೋಗಿ ಕೌದಿ ಹೊಲಿದುಕೊಟ್ಟು ಜೋಳ, ಕಾಳು ಇಸಿದುಕೊಳ್ಳುತ್ತಿದ್ದರು. ಅವರಿಂದ ಮೂರು ಕೌದಿ ಹೊಲಿಸಿದೆವು. ಮಗಳು ಫೋಟೋ ತೆಗೆದು ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಇಟ್ಟಳು. ಬೆಲೆ ಎಷ್ಟು ಇಡಬೇಕು? ಅಲ್ಲಿ ಯಂತ್ರದಲ್ಲಿ ಹೊಲಿದ ರಜಾಯಿಗಳು 900, 1000 ರೂಪಾಯಿಗೆ ಇದ್ದವು. ನಾವೂ 950 ಎಂದು ಹಾಕಿದೆವು. ಎಂಟೇ ದಿನದಲ್ಲಿ ಮೂರೂ ಹೋದವು. ಮನೆಯಲ್ಲಿ ಹೋಳಿಗೆ ಮಾಡಿದೆವು!

ತಿಂಗಳ ಕೊನೆಗೆ ಲೆಕ್ಕದ ಚೀಟಿ ಬಂತು. ಒಂದು ಕೌದಿಗೆ ಮಾರುಕಟ್ಟೆಯವರ ಕಮಿಷನ್ ಮತ್ತಿತರ ಶುಲ್ಕ 142 ರೂಪಾಯಿ. ಕೊರಿಯರ್ 520 ರೂಪಾಯಿ. ಮೇಲಿನ ಹೊಸ ಬಟ್ಟೆ, ದಾರಕ್ಕೆ ನಾವು ಹಾಕಿದ್ದು 350. ಕೂಡಿಸಿದರೆ 1012. ಅಂದರೆ ಮಾರಿದ ಒಂದೊಂದು ಕೌದಿಗೂ 62 ರೂಪಾಯಿ ಕೈಯಿಂದ ಹೋಗಿತ್ತು. ಇಪ್ಪತ್ತು ಇಪ್ಪತ್ತು ದಿನ ಸೊಂಟ ಬಗ್ಗಿಸಿ ಹೊಲಿದ ಆಯಿಗೆ ಏನನ್ನು ಕೊಡುವುದು?

ನಾಚಿಕೆಯಾಯಿತು. ನನ್ನ ಮನೆಖರ್ಚಿನ ಡಬ್ಬಿಯಿಂದ ಒಂದು ಕೌದಿಗೆ 300ರಂತೆ 900 ರೂಪಾಯಿ ತೆಗೆದು ಅವರ ಕೈಯಲ್ಲಿಟ್ಟು, "ಲಾಭ ಬಂತರೀ ಆಯಿ" ಎಂದೆ. ಸುಳ್ಳು ಎಷ್ಟು ದಿನ ನಿಂತೀತು? ಮಗಳ ಬಾಯಿಂದ ಒಂದು ದಿನ ಮಾತು ಹೊರಬಿತ್ತು. ಆಯಿ ಮರುದಿನ ಬಂದು ಕಟ್ಟೆಯ ಮೇಲೆ ಕೂತು ಸಿಟ್ಟಿಲ್ಲದೆ ಹೇಳಿದರು: "ನೀ ನನಗ ದಾನಾ ಕೊಟ್ಟಿ ತಂಗಿ, ಕೂಲಿ ಕೊಡಲಿಲ್ಲ. ನಾ ದಾನಾ ಬೇಡಾಕ ನಿಮ್ಮ ಮನಿಗೆ ಬಂದಿದ್ದೆನಾ?"

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ದಾನ ಕೊಟ್ಟು ಪುಣ್ಯ ಗಳಿಸಿದೆನೆಂದು ನಾನು ತಿಳಿದಿದ್ದೆ. ಕೂಲಿಯನ್ನು ದಾನವೆಂದು ಕೊಡುವುದು ದುಡಿದವರಿಗೆ ಮಾಡುವ ಅವಮಾನ ಎಂಬುದು ಅಂದು ತಿಳಿಯಿತು. ಆಮೇಲೆ ನಾವು ಅಂಗಡಿ ಮುಚ್ಚಿ, ನೋಟುಪುಸ್ತಕ ತೆಗೆದು ಕೂತೆವು.

ಬೆಲೆ ಕಟ್ಟುವ ಬಗೆ

ಮೊದಲು ಆಯಿಯ ತಾಸುಗಳನ್ನು ಎಣಿಸಿದೆವು. ದಿನಕ್ಕೆ ಮೂರು ತಾಸು, ಇಪ್ಪತ್ತು ದಿನ. ಒಟ್ಟು 60 ತಾಸು. ಅದೇ ಹೊತ್ತು ಹೊಲದ ಕೆಲಸಕ್ಕೆ ಹೋದರೆ ಏನು ಸಿಗುತ್ತಿತ್ತೆಂದು ಯೋಚಿಸಿ ತಾಸಿಗೆ 40 ರೂಪಾಯಿ ಎಂದು ಆಯಿಯೊಂದಿಗೆ ಕೂತು ಗೊತ್ತುಮಾಡಿದೆವು. ಲೆಕ್ಕ ಹೀಗಾಯಿತು:

ಹೊಲಿಗೆಯ ಕೂಲಿ 2400 ರೂಪಾಯಿ. ಹೊಸ ಬಟ್ಟೆ 450. ದಾರ 100. ಒಗೆಯುವ ಸಾಬೂನು ಇತ್ಯಾದಿ 50. ಇಷ್ಟಕ್ಕೆ 3000. ಕಟ್ಟುವ ಸಾಮಾನು 60, ಕೊರಿಯರ್ 240. ಒಟ್ಟು 3300 ರೂಪಾಯಿ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಮಾರುಕಟ್ಟೆಯವರು ನೂರಕ್ಕೆ 15 ತೆಗೆದುಕೊಳ್ಳುತ್ತಾರೆಂದು ಹಿಡಿಯೋಣ. 3300ಕ್ಕೆ 15 ಪ್ರತಿಶತ ಕೂಡಿಸಿ 3795 ಎಂದು ಬೆಲೆ ಇಟ್ಟರೆ ಸರಿಹೋಯಿತೆಂದು ತೋರುತ್ತದೆ. ಆದರೆ ಅವರು ಪ್ರತಿಶತ ಹಿಡಿಯುವುದು ನಮ್ಮ ಖರ್ಚಿನ ಮೇಲಲ್ಲ, ಮಾರಿದ ಬೆಲೆಯ ಮೇಲೆ. 3795ಕ್ಕೆ 15 ಪ್ರತಿಶತವೆಂದರೆ 569. ಕೈಗೆ ಬರುವುದು 3226. ಮತ್ತೆ 74 ರೂಪಾಯಿ ಖೋತಾ! ಸರಿಯಾದ ದಾರಿ ಎಂದರೆ ಖರ್ಚನ್ನು ಭಾಗಿಸುವುದು. 100ರಲ್ಲಿ 15 ಅವರಿಗೆ; ಮರಳಿ ಬರುವ ಸಾಮಾನು, ಹಾಳಾಗುವ ಸಾಮಾನಿಗೆಂದು 5 ತೆಗೆದಿಡಬೇಕು. ಉಳಿದದ್ದು 80. ಹಾಗಾದರೆ 3300ನ್ನು 0.80ರಿಂದ ಭಾಗಿಸಿ. 4125 ರೂಪಾಯಿ ಬರುತ್ತದೆ. ಇದಕ್ಕಿಂತ ಕಡಿಮೆಗೆ ಮಾರಿದರೆ ಯಾರದೋ ಹೊಟ್ಟೆಗೆ ಹೊಡೆದಂತೆಯೇ ಸರಿ. ಬಹಳ ಸಲ ಆ ಹೊಟ್ಟೆ ಹೊಲಿದವರದೇ ಆಗಿರುತ್ತದೆ.

ಗಾಳಿಗೂ ತೂಕ ಉಂಟು

ಎರಡೂವರೆ ಕಿಲೋ ತೂಗುವ ಕೌದಿಗೆ 520 ರೂಪಾಯಿ ಕೊರಿಯರ್ ಏಕೆ ಬಂತು? ಕೇಳಿದಾಗ ತಿಳಿಯಿತು. ಅನೇಕ ಕೊರಿಯರ್ ಕಂಪನಿಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬರುವ ಸಂಖ್ಯೆಯನ್ನೇ ಕಿಲೋ ಎಂದು ಹಿಡಿಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ನಮ್ಮ ಡಬ್ಬಿ 45, 35, 25 ಸೆಂ.ಮೀ. ಇತ್ತು. ಗುಣಿಸಿ ಭಾಗಿಸಿದರೆ 7.87. ಅಂದರೆ 8 ಕಿಲೋದ ಬಾಡಿಗೆ! ನಾವು ಪುಣೆಗೆ ಕಳಿಸಿದ್ದು ಕೌದಿಗಿಂತ ಹೆಚ್ಚು ಗಾಳಿಯನ್ನೇ.

ಈಗ ಕೌದಿಯನ್ನು ಬಿಗಿಯಾಗಿ ಮಡಚಿ, ಗಾಳಿ ತೆಗೆಯುವ ಚೀಲದಲ್ಲಿ ಹಾಕಿ, 40, 30, 12 ಸೆಂ.ಮೀ. ಅಳತೆಗೆ ತರುತ್ತೇವೆ. ಲೆಕ್ಕ 2.88ಕ್ಕೆ ಇಳಿಯುತ್ತದೆ. ಕೊರಿಯರ್ ಮುಟ್ಟದ ಹಳ್ಳಿಗಳಿಗೆ ನಮ್ಮ ಅಂಚೆ ಕಚೇರಿಯೇ ಗತಿ. 2025ರಲ್ಲಿ ರಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ ಎಂಬುದನ್ನು ಹಿರಿಯರು ಗಮನಿಸಬೇಕು. ಬೆಲೆ ಇಡುವ ಮೊದಲೇ ಒಮ್ಮೆ ಕಟ್ಟಿದ ಗಂಟನ್ನು ಒಯ್ದು ಎರಡೂ ಕಡೆ ದರ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಗಡಿ ದಾಟದ ಕೌದಿ

ನಮ್ಮಂಥ ಗಡಿಯ ಕನ್ನಡಿಗರಿಗೆ ಇನ್ನೊಂದು ವಿಚಿತ್ರ ಎದುರಾಯಿತು. ವಿಜಯಪುರದಲ್ಲಿರುವ ನನ್ನ ತವರುಮನೆಯ ವೈನಿ ಫೋನ್ ಮಾಡಿ, "ನಿಮ್ಮ ಅಂಗಡಿ ನಮ್ಮ ಮೊಬೈಲ್‌ನ್ಯಾಗ ಕಾಣ್ತದ, ಆದ್ರ ತೊಗೊಳ್ಳಾಕ ಬರಂಗಿಲ್ಲ" ಎಂದರು. ದೂರದ ನಾಗಪುರದವರು ಕೊಳ್ಳಬಹುದು, ಪಕ್ಕದ ವಿಜಯಪುರದವರು ಕೊಳ್ಳುವಂತಿಲ್ಲ! ಕಾರಣ ಜಿಎಸ್‌ಟಿ ನಿಯಮ.

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ (ತೆಲಂಗಾಣದಲ್ಲಿ 20 ಲಕ್ಷ) ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸರಕು ಮಾರುವವರಿಗೆ ಮೊದಲು ಈ ರಿಯಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣವರು ಪ್ಯಾನ್ ಕೊಟ್ಟು ಜಿಎಸ್‌ಟಿ ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ನೋಂದಣಿಯಿಲ್ಲದೆ ಮಾರಬಹುದೆಂದು ಮಾಡಿದರು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಜತ್ತಿನವರಿಗೆ ವಿಜಯಪುರ, ಕಾಸರಗೋಡಿನವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರಿನವರಿಗೆ ಬೆಂಗಳೂರು, ರಾಯದುರ್ಗದವರಿಗೆ ಬಳ್ಳಾರಿ, ಹೀಗೆ ನಮ್ಮ ಸಂತೆಯ ಊರುಗಳೆಲ್ಲ ಕಾಯ್ದೆಯ ಕಣ್ಣಿಗೆ ಪರರಾಜ್ಯ!

ದಾರಿಯಿಲ್ಲವೆಂದಲ್ಲ. ಮುಖ್ಯವಾಗಿ ಕೈಯಿಂದಲೇ ತಯಾರಾದ, ಸರ್ಕಾರ ಪಟ್ಟಿಮಾಡಿದ ಕೆಲವು ಕರಕುಶಲ ವಸ್ತುಗಳನ್ನು ಬೇರೆ ರಾಜ್ಯಕ್ಕೆ ಮಾರುವ ಸಣ್ಣವರಿಗೆ 2018ರ ಅಧಿಸೂಚನೆಯೊಂದರಲ್ಲಿ ನೋಂದಣಿಯ ವಿನಾಯಿತಿ ಉಂಟು. ಪ್ಯಾನ್ ಇರಬೇಕು, ಸಾಮಾನಿನೊಂದಿಗೆ ಇ-ವೇ ಬಿಲ್ ಹೋಗಬೇಕು. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ, ಈಗಿನ ನಿಯಮವೇನು ಎಂಬುದನ್ನು ಊರಿನ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ. ಪ್ರತಿಯೊಂದು ಸಮಾಜದಲ್ಲೂ ಒಬ್ಬಿಬ್ಬರು ಸಿ.ಎ. ಓದಿದ ಹುಡುಗರು ಇದ್ದೇ ಇರುತ್ತಾರೆ. ತಿಂಗಳಿಗೊಂದು ದಿನ ಬಸದಿಯ ಕಟ್ಟೆಯಲ್ಲಿ ಕೂತು ಹೆಣ್ಣುಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದರೆ ಅದೂ ಒಂದು ಜ್ಞಾನದಾನವಲ್ಲವೇ?

ಹೆಸರು ಮತ್ತು ಸತ್ಯ

ಕೌದಿಗೆ ಏನೆಂದು ಹೆಸರಿಡಬೇಕು? ಪುಣೆಯವರು 'ಗೋಧಡಿ' ಎಂದು ಹುಡುಕುತ್ತಾರೆ. ಸಾಂಗಲಿ, ಕೊಲ್ಲಾಪುರದ ಕಡೆ 'ವಾಕಳ'. ತೆಲುಗರಿಗೆ 'ಬೊಂತ'. ಪೇಟೆಯ ಮಕ್ಕಳಿಗೆ 'ಕ್ವಿಲ್ಟ್'. ನಾವು ಎಲ್ಲ ಹೆಸರುಗಳನ್ನೂ ವಿವರದಲ್ಲಿ ಬರೆದು, ಮೇಲೆ ಮಾತ್ರ 'ಕೌದಿ' ಎಂದೇ ಇಟ್ಟೆವು. ಒಬ್ಬರು "ಇದು ಸೋಲಾಪುರಿ ಚಾದರವೇ?" ಎಂದು ಕೇಳಿದರು. ಹೌದೆಂದಿದ್ದರೆ ಕೊಳ್ಳುತ್ತಿದ್ದರೋ ಏನೋ. ಆದರೆ ಸೋಲಾಪುರಿ ಚಾದರ ಮಗ್ಗದಲ್ಲಿ ನೇಯ್ದದ್ದು, ಅದಕ್ಕೆ ಭೌಗೋಳಿಕ ಗುರುತಿನ ಕಾಯ್ದೆಯ ರಕ್ಷಣೆಯಿದೆ. ಕರ್ನಾಟಕದ ಕಸೂತಿಗೂ, ನೀಲಗಿರಿಯ ತೋಡರ ಕಸೂತಿಗೂ, ಕಾಸರಗೋಡಿನ ಸೀರೆಗೂ ಅಂಥ ಗುರುತು ಉಂಟು. ಯಂತ್ರದಲ್ಲಿ ಹಾಕಿದ ಹೂವನ್ನು 'ಕೈಕಸೂತಿ' ಎಂದು ಮಾರುವ ಅಂಗಡಿಗಳು ಇಂದು ಬೇಕಾದಷ್ಟಿವೆ. ಗವಂತಿ, ಮುರಗಿ ಹೊಲಿಗೆ ಬಲ್ಲವರು ಬಟ್ಟೆ ತಿರುಗಿಸಿ ನೋಡಿದರೆ ಸಾಕು. ಗಂಟಿಲ್ಲದೆ ಎರಡೂ ಮಗ್ಗುಲು ಒಂದೇ ತೆರನಾಗಿದ್ದರೆ ಅದು ಕೈಯ ಕೆಲಸ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಎರಡನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅಳತೆಯಲ್ಲಿ ಮೋಸ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು. ತಕ್ಕಡಿಯೇ ಇಲ್ಲದ ಅಂಗಡಿಯಲ್ಲಿ ಈ ದೋಷ ಹೇಗೆ ತಟ್ಟೀತು ಎನ್ನಬೇಡಿ. ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡಲಾರರು. ನಮ್ಮ ಫೋಟೋ ಮತ್ತು ನಮ್ಮ ಮಾತೇ ಅವರಿಗೆ ತಕ್ಕಡಿ.

ಆದ್ದರಿಂದ ನಾವು ಮಾಡಿಕೊಂಡ ಕಟ್ಟಳೆಗಳಿವು. ಫೋಟೋವನ್ನು ಹಗಲ ಬೆಳಕಿನಲ್ಲಿ, ನೆರಳಿನಲ್ಲಿ ತೆಗೆಯುವುದು. ಹಿಂಬದಿಯ ಹೊಲಿಗೆಯನ್ನೂ ತೋರಿಸುವುದು. ಒಳಪದರು ಹಳೆಯ ಬಟ್ಟೆಯೆಂದು ಸ್ಪಷ್ಟವಾಗಿ ಬರೆಯುವುದು. ಕಲೆಯಿದ್ದರೆ ಕಲೆಯ ಫೋಟೋ ಹಾಕುವುದು. ಉದ್ದ, ಅಗಲ, ತೂಕವನ್ನು ಅಳೆದು ಹಾಕುವುದು. ಒಳಗೆ ರೇಷ್ಮೆಯ ತುಂಡು ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು, ಏಕೆಂದರೆ ಹಿಂಸೆಯ ಕಾರಣದಿಂದ ರೇಷ್ಮೆ ಬಳಸದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಪರೀಕ್ಷಿಸುವುದು: ಬಿಳಿ ಅರಿವೆ ನೆನೆಸಿ ಅದರ ಮೇಲಿಟ್ಟು ಇಸ್ತ್ರಿ ಮಾಡಿದರೆ ಬಣ್ಣ ಅಂಟುತ್ತದೋ ಇಲ್ಲವೋ ತಿಳಿಯುತ್ತದೆ. ಒಮ್ಮೆ ಈ ಪರೀಕ್ಷೆ ಬಿಟ್ಟು ಕಳಿಸಿದ ಕೆಂಪು ಅಂಚಿನ ಕೌದಿ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಹಣ ಮರಳಿಸಿದೆವು. ಆಯಿಯ ಕೂಲಿಯನ್ನು ಮುಟ್ಟಲಿಲ್ಲ. ತಪ್ಪು ನೋಡದೆ ಕಳಿಸಿದ ನನ್ನದು.

ಮೋಸದ ಫೋನು

ಇನ್ನೊಂದು ಎಚ್ಚರಿಕೆ. ಒಂದು ದಿನ ಹಿಂದಿಯಲ್ಲಿ ಮಾತಾಡುವವನೊಬ್ಬ ಫೋನ್ ಮಾಡಿ, ತಾನು ಸೇನೆಯ ಅಧಿಕಾರಿ, ಹತ್ತು ಕೌದಿ ಬೇಕು, ಮುಂಗಡ ಹಣ ಕಳಿಸುತ್ತೇನೆ, ಕಳಿಸಿದ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದ. ಹತ್ತು ಕೌದಿ ಎಂದೊಡನೆ ನನಗೂ ಆಸೆ ಹುಟ್ಟಿತು. ಬೆರಳು ಒತ್ತುವಷ್ಟರಲ್ಲಿ ನಮ್ಮವರು ಕೈ ಹಿಡಿದರು. ಸಹೋದರಿಯರೇ, ಇದೊಂದು ಮಾತನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿರಿ: ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಕಿಲ್ಲ. ಅಕಸ್ಮಾತ್ ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ತಡಮಾಡಿದಷ್ಟೂ ಹಣ ಮರಳುವ ಆಸೆ ಕಡಿಮೆ.

ನಾಲ್ಕು ತಿಂಗಳ ಮೌನ

ಹೊಸ ಬೆಲೆ 4125 ಎಂದು ಇಟ್ಟ ಮೇಲೆ ಏನಾಯಿತು? ನಾಲ್ಕು ತಿಂಗಳು ಒಂದೂ ಹೋಗಲಿಲ್ಲ. ನೆರೆಯವರು, "ಆಸಿ ಭಾಳ ಆತು ನಿಮಗ" ಎಂದರು. 950ಕ್ಕೆ ಇಳಿಸೋಣವೆಂದು ನನಗೂ ಅನಿಸಿತು. ಆಯಿ ಮಾತ್ರ, "ಖಾಲಿ ಕುಂತ್ರೂ ಚಿಂತಿಲ್ಲ, ಪುಕ್ಕಟೆ ಹೊಲಿಯೂದಿಲ್ಲ" ಎಂದರು. ಆಗ ಬೆಲೆ ಇಳಿಸುವ ಬದಲು ವಸ್ತುವನ್ನು ಸಣ್ಣದು ಮಾಡಿದೆವು. ಕೂಸಿನ ಕೌದಿಗೆ 15 ತಾಸು ಸಾಕು. ಕೂಲಿ 600, ಬಟ್ಟೆ ದಾರ 150, ಕಟ್ಟಿ ಕಳಿಸಲು 90. ಒಟ್ಟು 840. ಅದೇ ರೀತಿ ಭಾಗಿಸಿದರೆ ಬೆಲೆ 1050. ಆಯಿಯ ತಾಸಿನ 40 ರೂಪಾಯಿಗೆ ಧಕ್ಕೆಯಿಲ್ಲ, ಕೊಳ್ಳುವವರ ಕೈಗೂ ಎಟಕುವ ಬೆಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಕೌದಿಗೇ ಹಚ್ಚಿದೆವು! ತೊಟ್ಟಿಲು, ನಾಮಕರಣದ ಉಡುಗೊರೆಗೆಂದು ಅವು ನಿಧಾನವಾಗಿ ಹೋಗತೊಡಗಿದವು. ಇಂದು ಓಣಿಯ ಮೂವರು ಹೆಣ್ಣುಮಕ್ಕಳು ಆಯಿಯ ಹತ್ತಿರ ಕಲಿತು ಹೊಲಿಯುತ್ತಾರೆ. ಯಾರೂ ಶ್ರೀಮಂತರಾಗಿಲ್ಲ. ಆದರೆ ಪ್ರತಿ ತಿಂಗಳು ಅವರವರ ಹೆಸರಿನ ಬ್ಯಾಂಕ್ ಖಾತೆಗೆ ಅವರವರ ದುಡಿಮೆ ಬೀಳುತ್ತದೆ. ಗಂಡನ ಖಾತೆಗಲ್ಲ, ಮಗನ ಖಾತೆಗೂ ಅಲ್ಲ. ಇದನ್ನು ನಾವು ಮೊದಲೇ ಗೊತ್ತುಮಾಡಿದ್ದೆವು.

ತಾಯಿಯ ಆರು ಸೀರೆ

ದೊಡ್ಡ ಕೌದಿಗೆ ದಾರಿ ತೋರಿಸಿದವರು ಪುಣೆಯ ಒಬ್ಬ ಗಿರಾಕಿ. ಕೂಸಿನ ಕೌದಿ ಕೊಂಡ ಆ ಹೆಣ್ಣುಮಗಳು, ತೀರಿಹೋದ ತಾಯಿಯ ಆರು ಸೀರೆಗಳಿವೆ, ಅವುಗಳಿಂದಲೇ ಒಂದು ಕೌದಿ ಮಾಡಿಕೊಡುವಿರಾ ಎಂದು ಕೇಳಿದರು. ಹೆದರಿಕೆಯಾಯಿತು. ಅಂಗಡಿಯ ಬಟ್ಟೆ ಕಳೆದರೆ ಬೇರೆ ತರಬಹುದು, ಇದು ಕಳೆದರೆ? ಸ್ಪೀಡ್ ಪೋಸ್ಟಿನಲ್ಲಿ ವಿಮೆ ಮಾಡಿಸಿ ತರಿಸಿಕೊಂಡೆವು. ಗಂಟು ಬಿಚ್ಚುವಾಗಲೇ ಒಂದೊಂದು ಸೀರೆಯ ಫೋಟೋ ತೆಗೆದು, ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ ಎಂದು ಬರೆದು ಅವರಿಗೆ ಕಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಕತ್ತರಿ ಮುಟ್ಟಿದೆವು. ಇಂಥ ಕೆಲಸ ಹಿಡಿಯುವ ಎಲ್ಲರಿಗೂ ನನ್ನ ಸಲಹೆ ಇದೇ.

ಆಯಿ ಐದು ಸೀರೆ ಕತ್ತರಿಸಿದರು. ಆರನೆಯದರ ಸೆರಗಿಗೆ ಬಂದಾಗ ಕತ್ತರಿ ಕೆಳಗಿಟ್ಟರು. "ಇದರ ತುದೀಗೆ ಗಂಟು ಕಟ್ಟಿ ಕಟ್ಟಿ ಬಟ್ಟಿ ಸವದೈತಿ ನೋಡು. ರೊಕ್ಕಾ ಕಟ್ಕೋತಿದ್ಲು ಆಕಿ. ಇದನ್ನ ಕತ್ತರಿಸಾಕ ಬರಂಗಿಲ್ಲ" ಎಂದರು. ಆ ಸೆರಗನ್ನು ಇಡಿಯಾಗಿ ನಡುವೆ ಹಾಸಿ ಸುತ್ತಲೂ ಹೊಲಿದರು. 72 ತಾಸು ಹಿಡಿಯಿತು. ನಾವು 72 ತಾಸಿಗೇ ಲೆಕ್ಕ ಹಾಕಿ, ಲೆಕ್ಕದ ಚೀಟಿಯನ್ನು ಕೌದಿಯೊಂದಿಗೇ ಕಳಿಸಿದೆವು. ಗಿರಾಕಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲು ಕೇಳಲಿಲ್ಲ. "ನನ್ನ ತಾಯಿ ಸೆರಗಿಗೆ ಗಂಟು ಹಾಕುತ್ತಿದ್ದದ್ದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಮಾತ್ರ ಕೇಳಿದರು. ಅಂಥ ಕೌದಿಗಳ ಕೇಳಿಕೆ ಈಗ ಆಗಾಗ ಬರುತ್ತಿದೆ.

ಯಂತ್ರದ ರಜಾಯಿಯೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡಿ ನಾವು ಗೆಲ್ಲಲಾರೆವು, ಗೆಲ್ಲಬೇಕಾಗಿಯೂ ಇಲ್ಲ. ಯಂತ್ರಕ್ಕೆ ಸೆರಗಿನ ಗಂಟು ಕಾಣುವುದಿಲ್ಲ. ಕಾಣುವ ಕಣ್ಣಿಗೆ, ಹೊಲಿಯುವ ಕೈಗೆ ಸಲ್ಲಬೇಕಾದದ್ದನ್ನು ಲೆಕ್ಕ ಹಾಕಿ ಕೇಳಲು ಸಂಕೋಚಪಡಬಾರದು.

ಆ ದಿನ ಕೂಲಿಯ 2880 ರೂಪಾಯಿ ಖಾತೆಗೆ ಬಿತ್ತೆಂದು ಮೊಬೈಲ್ ತೋರಿಸಿದಾಗ ಆಯಿ ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ತಮ್ಮ ಸೆರಗಿನ ಗಂಟು ಬಿಚ್ಚಿ, ಅಂದು ನಾನು ದಾನವೆಂದು ಕೊಟ್ಟಿದ್ದ 900 ರೂಪಾಯಿಯನ್ನು ನನ್ನ ಮುಂದಿಟ್ಟರು. ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ. ತೆಗೆದುಕೊಂಡು ಡಬ್ಬಿಗೆ ಹಾಕಿದೆ.